ಮಾವನವರ ಕಿವಿಗೆ ಹಾಡು ಆರಿಸಿದ ವರ್ಷ

ನಮ್ಮ ಮಾವನವರು ಬಟ್ಟೆ ಕೊಳ್ಳುವಾಗ ಥಾನಿನ ಮೇಲಿನ ಮಡಿಕೆಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. “ಮ್ಯಾಲಿನ ಗಜ ಎಲ್ಲಾರದೂ ಛಲೋನ ಇರ್ತದ. ಅದನ್ನ ನೋಡಿ ಮಾಲ ತಗೊಳ್ಳಾವ ಹುಚ್ಚ,” ಎನ್ನುವರು. ಸುತ್ತಿಟ್ಟ ಬಟ್ಟೆಯನ್ನು ಗಾದಿಯ ಮೇಲೆ ಉರುಳಿಸಿ, ನಡುವಿನಿಂದ ಒಂದು ತೋಳಿನಷ್ಟು ಎಳೆದು, ಅಂಗಡಿಯ ದೀಪದಿಂದ ಹೊರಗೆ ಬಿಸಿಲಿಗೆ ಒಯ್ದು, ಹಿಂದುಮುಂದು ಮಾಡಿ ನೋಡಿದ ಮೇಲೆಯೇ ಹೂಂ ಅಥವಾ ಊಹೂಂ. ಸೊಲ್ಲಾಪುರದ ನವೀ ಪೇಟೆಯಲ್ಲಿ ಇಡೀ ಆಯುಷ್ಯ ಹೀಗೆ ಬಟ್ಟೆ ನೋಡಿದ ಮನುಷ್ಯ, ಕೊನೆಗಾಲದಲ್ಲಿ ಶಾಸ್ತ್ರೀಯ ಸಂಗೀತವನ್ನೂ ಹಾಗೆಯೇ ನೋಡಲು ಹೋದರು. ಜೊತೆಗೆ ನನ್ನನ್ನೂ ಎಳೆದರು. ಈಗ ಅವರಿಲ್ಲ. ಮಧ್ಯಾಹ್ನದ ಊಟ ಮುಗಿದು ಮನೆ ತಣ್ಣಗಾದಾಗ ನನ್ನ ಕೈ ಈಗಲೂ ಸಿಡಿಯ ಡಬ್ಬಿ ಹುಡುಕುತ್ತದೆ.

ಎಪ್ಪತ್ತು ದಾಟಿದ ಮೇಲೆ ಅವರ ಕಿವಿ ಮಂದವಾಯಿತು. ಡಾಕ್ಟರರ ಬಳಿಗೆ ನನ್ನ ಯಜಮಾನರು ಕರೆದುಕೊಂಡು ಹೋದರು, ಹಳೆಯ ಕಾಗದಪತ್ರಗಳ ಚೀಲ ಹಿಡಿದು ನಾನೂ ಹೋದೆ. ಡಾಕ್ಟರರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ಎಡಗಿವಿ ಮುಗಿದ ಹಾಗೆಯೇ, ಬಲಗಿವಿಯ ನರವೂ ಸೊರಗುತ್ತಿದೆ, ಮಷೀನು ಹಾಕಿದರೆ ಒಂದು ವರ್ಷ, ಹೆಚ್ಚೆಂದರೆ ಇನ್ನೂ ಸ್ವಲ್ಪ ದಿನ. ಸಣ್ಣ ದನಿಗಳು ಮೊದಲು ಹೋಗುತ್ತವೆ, ಹಕ್ಕಿ, ಗಂಟೆ, ಹೆಣ್ಣುಮಕ್ಕಳ ಮಾತು. ದಪ್ಪ ದನಿಗಳು ಕೊನೆಗೆ. ಯಜಮಾನರ ಮುಖ ಸಪ್ಪಗಾಯಿತು. ಮಾವನವರು ಮಾತ್ರ ಮನೆಗೆ ಬಂದು ಕಾಲು ತೊಳೆದು ಪಡಸಾಲೆಯಲ್ಲಿ ಕೂತವರೇ ಮಗನಿಗೆ ಹೇಳಿದರು.

“ನಾಳಿಂದ ಅಂಗಡಿ ನೀನ ನೋಡ್ಕೋ. ನನಗ ಹಾಡ ಕೇಳಬೇಕಾಗೇದ.”

“ಯಾವ ಹಾಡ, ಅಪ್ಪಾ?”

“ಮ್ಯಾಲ ಹಾಡತಿದ್ದರಲ್ಲ, ಅವು.”

ಹಿಂದೆ ನಮ್ಮ ಅಂಗಡಿಯ ಮಾಳಿಗೆಯಲ್ಲಿ ಒಂದು ಗಾಯನ ಕ್ಲಾಸು ಇತ್ತು. ಸಂಜೆಯಾದರೆ ಹಾರ್ಮೋನಿಯಂ, ತಬಲಾ, ಮಕ್ಕಳ ಸಾ ರೇ ಗ. ಮಕ್ಕಳು ಹೋದ ಮೇಲೆ ಗುರುಗಳು ಒಬ್ಬರೇ ಕೂತು ಹಾಡುತ್ತಿದ್ದರಂತೆ. ಆದರೆ ಗಿರಾಕಿ ಬರುವುದೂ ಅದೇ ಹೊತ್ತಿಗೆ. ಕೆಳಗೆ ಟವೆಲ್ಲು, ಚಾದರಿನ ಚೌಕಾಸಿ, ಮೇಲೆ ಆಲಾಪ. ಮಾವನವರಿಗೆ ಛಾವಣಿಯ ಮೂಲಕ ತುಂಡು ತುಂಡಾಗಿ ಬಂದದ್ದಷ್ಟೇ ಸಂಗೀತ. ಆಮೇಲೆ ಕ್ಲಾಸು ಮುಚ್ಚಿ, ಅಲ್ಲೀಗ ಮೊಬೈಲು ರಿಪೇರಿ. “ಒಂದ ಹಾಡ ಪೂರಾ ಕೇಳಿಲ್ಲೋ ನಾ. ಒಂದೂ ಇಲ್ಲ,” ಎಂದು ಅವರು ಮಗನ ಮುಂದೆ ಹೇಳಿದ್ದನ್ನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನಾನು ಕೇಳಿದೆ. “ಕಿವಿ ಬಂದ್ ಆದ ಮ್ಯಾಲ ಹೊಸಾ ಮಾಲ ಬರೂದಿಲ್ಲ. ಈಗ ತುಂಬಿಸಿ ಇಟ್ಟದ್ದ ಮುಂದ ಒಳಗ ಕೇಳೂದು. ತುಂಬಿಸೋದ ಆದರ ಛಲೋ ಮಾಲ ತುಂಬಸಬೇಕು.” ದೀಪಾವಳಿಗೆ ಮುಂಚೆ ಗೋದಾಮು ತುಂಬಿಸುವ ವ್ಯಾಪಾರಿಯ ಮಾತು, ಅಷ್ಟೇ ನಿರುಮ್ಮಳವಾಗಿ.

ಯಜಮಾನರು ಒಂದು ಸಿಡಿ ಪ್ಲೇಯರು, ಎರಡು ಸ್ಪೀಕರು ತಂದಿಟ್ಟು ಅಂಗಡಿಗೆ ಹೋದರು. ಹಚ್ಚುವವರು ಯಾರು? ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ಗೊತ್ತಿದ್ದದ್ದು ಭಜನೆ, ಮದುವೆಯ ಹಾಡು, ರೇಡಿಯೋದ ಸಿನೆಮಾ ಹಾಡು. ರಾಗ ಎಂದರೆ ಸೊಟ್ಟ ಮುಖ ಮಾಡಿ ಎಳೆಯುವುದು ಎಂದುಕೊಂಡವಳು ನಾನು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನಾನು ಕರಜಗಿಯ ಒಕ್ಕಲುತನದ ಮನೆಯವಳು. ಈ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದ ದಿನವೇ ಅತ್ತೆ ಹೇಳಿಬಿಟ್ಟಿದ್ದರು: ಮಾವನ ಮುಂದೆ ತಲೆಯ ಮೇಲೆ ಸೆರಗಿರಬೇಕು, ದನಿ ಮೇಲೇಳಬಾರದು. ಚಹಾ ಆಗಿದ್ದರೆ ಬಾಗಿಲ ಚೌಕಟ್ಟಿಗೆ ಬಳೆ ತಾಗಿಸಿ ಸಪ್ಪಳ ಮಾಡುವುದು. ಮಾತು ಬೇಕೇ ಬೇಕೆಂದರೆ ಅತ್ತೆಗೆ ಹೇಳಿ, ಅತ್ತೆ ಅವರಿಗೆ ಹೇಳುವುದು. ಅತ್ತೆ ತೀರಿಕೊಂಡ ಮೇಲೆ ಮಕ್ಕಳು ಆ ಕೆಲಸ ಮಾಡಿದರು. ಮಕ್ಕಳು ಪುಣೆಗೆ ಕಾಲೇಜಿಗೆ ಹೋದ ಮೇಲೆ ನಾನು ಗೋಡೆಗೆ ಹೇಳತೊಡಗಿದೆ, “ಊಟಕ್ಕ ಆಗೇದಂತ,” ಎಂದು ಪಿಸುದನಿಯಲ್ಲಿ, ಇನ್ನಾರೋ ಅಂದ ಹಾಗೆ. ಅವರು ಎದ್ದು ಬರುವರು. ಮಾವನವರು ನನ್ನೊಡನೆ ಮಾತಾಡುತ್ತಿದ್ದರು, “ಸೂನಬಾಯಿ, ನೀರ ಕೊಡು,” ಎಂದು, ಮರಾಠಿ ಮಂದಿ ಸೊಸೆಯನ್ನು ಕರೆಯುವ ಹಾಗೆ. ನಾನು ಮಾತ್ರ ಮೂಕಿ. ಈಗ ಕಿವಿ ಕೇಳದವರ ಎದುರು ಬಳೆ ಬಡಿದು ಏನು ಮಾಡುವುದು? ಬಳೆಯ ದನಿಯೇ ಅವರಿಗೆ ಮೊದಲು ಹೋದದ್ದು.

ಅದೇ ವಾರ ಪೇಟೆಯ ಒಂದು ಅಂಗಡಿಯವನು ಉಳಿದ ಸಿಡಿಗಳನ್ನೆಲ್ಲ ತೆಗೆದುಹಾಕುತ್ತಿದ್ದಾನೆ ಎಂದು ತಿಳಿಯಿತು. ಮಾವನವರು ಸ್ವತಃ ಹೋದರು. ಒಂದೊಂದೇ ನೋಡಿ ಆರಿಸುವುದು ಬಿಟ್ಟು, ಸಗಟು ವ್ಯಾಪಾರಿಯ ಚಟ ನೋಡಿ, “ಒಂದೊಂದ ಬ್ಯಾಡ, ಪೂರಾ ಲಾಟ್ ಹಾಕು,” ಎಂದು ರಟ್ಟಿನ ಖೋಕಾ ಖೋಕಾ ಹೊರಿಸಿಕೊಂಡು ಬಂದರು. ಬಿಚ್ಚಿ ನೋಡಿದರೆ ಅಯ್ಯೋ ಶಿವನೇ! ಒಬ್ಬನೇ ಗಾಯಕನ ಒಂದೇ ಹಾಡು ನಾಲ್ಕು ಬೇರೆ ಬೇರೆ ಹೊದಿಕೆಯಲ್ಲಿ. ಮದುವೆ ಮನೆಯ ಶಹನಾಯಿ. ನಿದ್ದೆ ಬರಿಸುವ ಸಂಗೀತ. ಯೋಗಾಸನದ ಹಿಂದೆ ಹಚ್ಚುವ ಕೊಳಲು, ಜೊತೆಗೆ ಹರಿಯುವ ನೀರಿನ ಜುಳುಜುಳು. ಹೊದಿಕೆಯ ಮೇಲೆ ಸೂರ್ಯಾಸ್ತವಿದ್ದರೆ ಒಳಗೆ ಕಸವಿರುತ್ತದೆ ಎಂಬ ಮೊದಲ ಪಾಠ ನಾನು ಅಲ್ಲೇ ಕಲಿತೆ.

ಆದರೂ ಕೇಳತೊಡಗಿದೆವು. ಅವರು ಮಷೀನು ಸಿಕ್ಕಿಸಿಕೊಂಡು ಸ್ಪೀಕರಿಗೆ ಬಲಗಿವಿ ಕೊಟ್ಟು ಕೂರುವರು. ನಾನು ಗುಂಡಿ ಒತ್ತಿದ ಕೂಡಲೇ, “ಮೊದಲಿಂದ ಬ್ಯಾಡ. ನಡುವ ತೆಗಿ.” ಥಾನಿನ ನಡುವಿನಿಂದ ಎಳೆದ ಹಾಗೆ! ನಾನು ಗುಂಡಿ ಒತ್ತಿ ಹಿಡಿದು ಹಾಡಿನ ನಡುಮಧ್ಯಕ್ಕೆ ಒಯ್ಯುತ್ತಿದ್ದೆ. ಅಲ್ಲಿ ಎಲ್ಲರೂ ಓಡುತ್ತಿರುತ್ತಾರೆ. ತಬಲಾ ಧಡಧಡ, ಗಾಯಕರ ತಾನಿನ ಮೇಲೆ ತಾನ್, ಹಾರ್ಮೋನಿಯಂ ಬೆನ್ನು ಹತ್ತಿದೆ. ಸ್ವಲ್ಪ ಕೇಳಿ ಅವರು ಕೈ ಅಲ್ಲಾಡಿಸುವರು, “ಮುಂದಿಂದು.” ಮುಂದಿನದೂ ಅದೇ ಗದ್ದಲ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಇಲ್ಲಿ ಎರಡು ಕೋಣ, ಅದರಲ್ಲೊಂದು ಕಿವುಡು. ಹೊರಗಿನಿಂದ ನಮ್ಮ ಓಣಿಯ ವಿದ್ಯುತ್ ಮಗ್ಗಗಳ ಖಟಖಟ ಬೇರೆ. ತಿಂಗಳಾಗುವುದರೊಳಗೆ ಖೋಕಾ ಮುಗಿಯುತ್ತ ಬಂತು, ಒಂದು ಸಿಡಿಯೂ ಅವರಿಗೆ ಪಾಸಾಗಲಿಲ್ಲ.

“ಮ್ಯಾಲ ಹಾಡೂದು ಹಿಂಗ ಇರಲಿಲ್ಲ,” ಎಂದು ಒಂದು ದಿನ ಮಷೀನು ತೆಗೆದು ಕೈಯಲ್ಲಿ ಹಿಡಿದು ಕೂತರು. “ನನ್ನ ಕಿವೀನ ಹೋತೋ ಏನೋ. ತಡಾ ಆತು.” ಆ ಮುಖ ನನಗೆ ನೋಡಲಾಗಲಿಲ್ಲ. ಸಂಜೆ ಯಜಮಾನರು ಬಂದಾಗ ಜಗಳವನ್ನೇ ತೆಗೆದೆ, ಯಾರಾದರೂ ತಿಳಿದವರನ್ನು ಹುಡುಕಿ ಎಂದು. ಅವರ ಗಿರಾಕಿಯೊಬ್ಬರು ಅಕ್ಕಲಕೋಟದ ಒಬ್ಬ ನಿವೃತ್ತ ಸಂಗೀತ ಮಾಸ್ತರರ ವಿಳಾಸ ಕೊಟ್ಟರು.

ಅಕ್ಕಲಕೋಟಕ್ಕೆ ಕಾರು ಬೇಡ, ಎಸ್‌ಟಿ ಬಸ್ಸೇ ಆಗಬೇಕು ಎಂದು ಮಾವನವರ ಹಟ. ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಸಿಡಿ ಚೀಲ ಇಟ್ಟುಕೊಂಡು. ಟಿಕೇಟು ಕೇಳಿದ ಕಂಡಕ್ಟರನಿಗೆ ಅವರು ಸಂಬಂಧವಿಲ್ಲದ ಉತ್ತರ ಕೊಟ್ಟರು, ನಾನು ಹಿಂದಿನಿಂದ ಕೈಬೆರಳು ತೋರಿಸಿ ಎರಡು ಎಂದೆ. ಮಾವ ಸೊಸೆ ಒಟ್ಟಿಗೆ ಎಲ್ಲಿಗಾದರೂ ಹೊರಟದ್ದು ಅದೇ ಮೊದಲು. ಕಿಟಕಿಯಾಚೆ ತೊಗರಿ ಹೊಲ, ಜೋಳದ ಹೊಲ ಹಾಯುತ್ತಿದ್ದವು. ನನಗೆ ತವರಿಗೆ ಹೊರಟಷ್ಟು ಖುಷಿಯಾಗಿತ್ತು.

ಮಾಸ್ತರರ ಮನೆಯ ಒಂದು ಕೋಣೆ ತುಂಬ ಕಪಾಟುಗಳು. ಅವರು ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವರು. “ಸಾವಕಾರ್ರ, ಹ್ಯಾಂಗ ಕೇಳತೀರಿ ನೀವು?” ಎಂದು ಗಟ್ಟಿಯಾಗಿ ಕೇಳಿದರು. ಮಾವನವರು ಎದೆ ಸೆಟೆಸಿ ತಮ್ಮ ಥಾನಿನ ಶಾಸ್ತ್ರವನ್ನೆಲ್ಲ ವಿವರಿಸಿದರು. ಮಾಸ್ತರರಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

“ಅಹೋ, ಬಟ್ಟಿ ನಡುವ ನೋಡ್ರಿ, ತಪ್ಪಿಲ್ಲ. ಖ್ಯಾಲ ಗಾಯನಕ್ಕ ನಡುವ ಹೊಕ್ಕರ ಹೆಂಗ? ಲಗ್ನದ ಮನಿಗೆ ಸೀದಾ ಪಂಗ್ತಿ ಒಳಗ ಹೋಗಿ ಕುಂತಾಂಗ ಆತು. ವರ ಯಾರು, ವಧು ಯಾರು ಗೊತ್ತಾಗಬ್ಯಾಡೇನು?”

ಆಮೇಲೆ ಒಂದು ಆಲ್ಬಮ್ಮು ಹಚ್ಚಿದರು, ಮೊದಲಿನಿಂದ. ಹಾಡೇ ಇಲ್ಲ. ಬರೀ ತಂಬೂರಿ. “ಇದ ನೋಡ್ರಿ ಪರೀಕ್ಷಾ,” ಎಂದರು. ಯಾರೂ ಹಾಡುವುದಕ್ಕೆ ಮುಂಚೆ ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಬೇಕು, ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಒಂದೇ ಮುದ್ದೆಯಾದರೆ ಆ ರೆಕಾರ್ಡಿಂಗು ಕೆಳಗಿಡಿ. ಗಾಯಕಿ ಬಾಯಿ ತೆರೆಯುವ ಮುಂಚೆ ಎಳೆದುಕೊಂಡ ಉಸಿರು ಕೇಳಬೇಕು. ತಬಲಾದವನು ಗಾಯಕಿಯ ಪಕ್ಕದಲ್ಲಿ ಕೂತಿರಬೇಕು, ತೊಡೆಯ ಮೇಲೆ ಅಲ್ಲ. ದನಿ ಬಾವಿಯೊಳಗಿಂದ ಬಂದ ಹಾಗೆ ಮೊಳಗುತ್ತಿದ್ದರೆ ಅದು ಆಮೇಲೆ ಹಾಕಿದ ಬಣ್ಣ. ಹಳೆಯ ರೆಕಾರ್ಡಿಂಗಿನಲ್ಲಿ ಸುಂಯ್ ಎನ್ನುವ ಸಪ್ಪಳ ಇದ್ದರೆ ಹೆದರಬೇಡಿ, ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಮರೆಯುತ್ತದೆ. ಆ ಸಪ್ಪಳವನ್ನು ಪೂರ್ತಿ ತೊಳೆದು ಸ್ವಚ್ಛ ಮಾಡಿದ್ದೇವೆ ಎನ್ನುವವರಿಗೆ ಹೆದರಿ, ಕೊಳೆಯ ಜೊತೆ ದನಿಯ ತೊಗಲನ್ನೂ ತೊಳೆದಿರುತ್ತಾರೆ. ಕಚೇರಿಯಲ್ಲಿ ಮಾಡಿದ್ದಾದರೆ ಯಾರೋ ಕೆಮ್ಮುತ್ತಾರೆ, ಕೆಮ್ಮಲಿ. ಸುರುವಾತಿಗೆ ಮಾತ್ರ ಸ್ಟುಡಿಯೋದ್ದು ಒಳ್ಳೆಯದು, ಒಂದೇ ರಾಗ, ಸಾವಕಾಶದ್ದು.

ಮಾವನವರು ಎಲ್ಲವನ್ನೂ ತಮ್ಮ ಭಾಷೆಗೆ ಇಳಿಸಿಕೊಂಡರು. “ಮೊಳಗೂದು ಅಂದರ ಗಂಜಿ ಹಾಕಿದ ಬಟ್ಟಿ. ತೊಳದದ್ದು ಅಂದರ ಹತ್ತ ಸಲ ಒಗದ ಧೋತರ. ಬರೋಬರ ಅದ.” ಮಾಸ್ತರರು ನನ್ನ ಕಡೆ ತಿರುಗಿ, “ನಿಮಗ ಏನ ಕೇಳಸ್ತು?” ಎಂದರು. ನಾನು ಸೆರಗು ಎಳೆದುಕೊಂಡು, ಉಸಿರು ಕೇಳಿಸಿತು ಎಂದು ಪಿಸುಗುಟ್ಟಿದೆ. “ಜೋರ ಹೇಳ್ರಿ. ನನಗಲ್ಲ, ಅವರಿಗಿ ಕೇಳಸಬೇಕಲ್ಲ!” ನನ್ನ ಮುಖ ಕೆಂಪಾಯಿತು. ಮಾವನವರು ಕಪಾಟಿನ ಕಡೆ ನೋಡುತ್ತಿದ್ದರು. ನಾನು ಸಿಡಿ ಚೀಲದ ಬಾಯಿ ಕಟ್ಟತೊಡಗಿದೆ.

ಮಾಸ್ತರರು ನಾಲ್ಕಾರು ಆಲ್ಬಮ್ಮು ಕೊಟ್ಟು ಕಳಿಸಿದರು. ಬಟ್ಟೆ ಅಂಗಡಿಯಿಂದ ಸೀರೆ ಪಸಂತಿಗೆ ಮನೆಗೆ ಕಳಿಸುತ್ತೇವಲ್ಲ, ಹಾಗೆ. ಸೇರಿದ್ದು ಹೇಳಿ, ಉಳಿದದ್ದು ತಿರುಗಿ ತನ್ನಿ ಎಂದರು. ಅಲ್ಲಿಂದ ನಮ್ಮ ಮಧ್ಯಾಹ್ನಗಳು ಶುರುವಾದವು. ಮೊದಲು ಹೋಗುವ ಮಾಲು ಮೊದಲು ಎಂದು ಮಾವನವರ ಲೆಕ್ಕ. ಆದ್ದರಿಂದ ಕೊಳಲು, ಸಾರಂಗಿ, ಹೆಣ್ಣುದನಿ ಮುಂದೆ, ದಪ್ಪ ದನಿ ಹಿಂದೆ. ಮಗ್ಗಗಳಿಗೆ ವಾರದ ರಜೆ ಇದ್ದ ದಿನ ನಮಗೆ ಹಬ್ಬ. ಅಂದು ರೊಟ್ಟಿ, ಶೇಂಗಾ ಹಿಂಡಿ ಬೇಗ ಮುಗಿಸಿ, ಕಿಟಕಿ ಹಾಕಿ ಕೂರುತ್ತಿದ್ದೆವು. ಕರೆಂಟು ಹೋದಾಗ ಓಣಿ ಚೆನ್ನಾಗಿ ತಣ್ಣಗಾಗುತ್ತಿತ್ತು, ಆದರೆ ಆಗ ನಮ್ಮ ಪ್ಲೇಯರೂ ಬಂದ್! ಮೊಬೈಲಿನಲ್ಲಿ ಹಚ್ಚಿ ನೋಡಿದೆ. ಡೇಟಾ ಉಳಿಸುವ ಸೆಟ್ಟಿಂಗಿನಲ್ಲಿ ಅದೇ ಹಾಡು ಒಣರೊಟ್ಟಿಯಾಗಿ ಬಂತು. “ಇದ ಬ್ಯಾರೆ ಮಿಲ್ಲಿನ ಮಾಲ,” ಎಂದರು ಮಾವನವರು.

ರಾಗದ ಹೆಸರು ಹೇಳಲೇಬೇಕಾಯಿತು. ಮೊದಲು ಡಬ್ಬಿ ತೋರಿಸುತ್ತಿದ್ದೆ, ಅದು ಇಂಗ್ಲಿಷಿನಲ್ಲಿ, ಅಕ್ಷರ ಸಣ್ಣವು, ಅವರಿಗೆ ಕಾಣದು. ಒಂದು ದಿನ ಧೈರ್ಯ ಮಾಡಿ ಕಿವಿಯ ಹತ್ತಿರ “ಯಮನ್!” ಎಂದು ಒದರಿದೆ. ಪಕ್ಕದ ಮನೆಯಾಕೆ ಓಡಿ ಬಂದು, ಯಾರಿಗೆ ಏನಾಯ್ತು ಎಂದು ಕೇಳಿದಳು. ಮಾವನವರು ನಕ್ಕರು. ನನ್ನೆದುರು ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ಯಮನ್ ಇನ್ನೂ ನೆನಪಿದೆ. ಹೆಣ್ಣುದನಿ. ತಂಬೂರಿ ಸಾಕಷ್ಟು ಹೊತ್ತು ನುಡಿಯಿತು, ಆಮೇಲೆ ಒಂದು ಸಣ್ಣ ಉಸಿರು. ಮಾವನವರು ಫಕ್ಕನೆ ಕಣ್ಣು ತೆರೆದರು. “ಉಸಿರ ತಗೊಂಡಳು! ಕೇಳಸ್ತ?” ನಾನು ತಲೆಯಾಡಿಸಿದೆ. ಹಾಡು ಮುಗಿಯುವವರೆಗೆ ಅವರು ಅಲ್ಲಾಡಲಿಲ್ಲ. ಮುಗಿದ ಮೇಲೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, “ಪೂರಾ ಆತು,” ಎಂದರು. ಇಬ್ಬರಿಗೂ ರಾಗದ ಗಂಧವಿಲ್ಲ, ಇಂದಿಗೂ ನನಗೆ ಸ್ವರ ಗುರುತಿಸಲು ಬರುವುದಿಲ್ಲ. ಆದರೆ ಆ ದಿನದ ಸುಖ ನನಗೆ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ.

ಹೀಗೆ ಎಷ್ಟೋ ಸಲ ಅಕ್ಕಲಕೋಟಕ್ಕೆ ಹೋಗಿ ಬಂದೆವು. ಒಳ್ಳೆಯದು ಕೆಟ್ಟದ್ದು ನಮಗೇ ತಿಳಿಯತೊಡಗಿತು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವರ ಮೆಚ್ಚಿನ ಕೊಳಲಿನ ಸಿಡಿ ಹಚ್ಚಿ, ನಾನು ಅವರ ಎದುರಿಗೆ ಶೇಂಗಾ ಸುಲಿಯುತ್ತ ಕೂತಿದ್ದೆ. ಕೊಳಲು ತುಂಬ ಚೆನ್ನಾಗಿ ಏರುತ್ತಿತ್ತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

“ಯಾಕ ಸೂನಬಾಯಿ, ಹಚ್ಚಲಿಲ್ಲ ಇನ್ನಾ?”

ನನ್ನ ಕೈ ಅಲ್ಲೇ ನಿಂತಿತು. ಎದ್ದು ಹೋಗಿ ಆ ಸಿಡಿ ತೆಗೆದು ಸರೋದಿನದು ಹಾಕಿದೆ. ಅದು ದಪ್ಪ ದನಿ. “ಹಾಂ,” ಎಂದು ಅವರು ತಲೆದೂಗಿದರು. ಅಡಿಗೆಮನೆಗೆ ಹೋಗಿ ನಾನು ಅತ್ತುಬಿಟ್ಟೆ. ಬೇಸಿಗೆಗೆ ಹೆಣ್ಣುದನಿಗಳೂ ಹೋದವು, ಕಿವಿಯ ಹತ್ತಿರ ಒದರಿದ್ದಷ್ಟೇ ಕೇಳುತ್ತಿತ್ತು. ಆ ಯಮನ್ ಹಚ್ಚಿದರೆ ಅವರಿಗೆ ಬರೀ ತಬಲಾ ಕೇಳುತ್ತಿತ್ತಂತೆ. ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂರತೊಡಗಿದರು. ಅದನ್ನು ಕೇಳಿದ ಮಾಸ್ತರರು, ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಒಂದು ಆಲ್ಬಮ್ಮನ್ನು ಯಜಮಾನರ ಕೈಯಲ್ಲಿ ಕಳಿಸಿದರು. ಭಾರವಾದ ಗಂಡುದನಿ, ಅಷ್ಟು ಚೆನ್ನಾದ ರೆಕಾರ್ಡಿಂಗು ತಮ್ಮ ಕಪಾಟಿನಲ್ಲಿ ಇನ್ನೊಂದಿಲ್ಲ, ಕಿವಿ ಇರುವಾಗಲೇ ಕೇಳಿಸಿ ಎಂದು ಹೇಳಿ ಕಳಿಸಿದ್ದರು.

ಮಗ್ಗಗಳ ರಜೆಯ ದಿನ ನೋಡಿ, ಕಿಟಕಿ ಹಾಕಿ, ಡಬ್ಬಿ ಬಿಚ್ಚಿದೆ. ಗುಂಡಿ ಒತ್ತಬೇಕು, ಮಾವನವರು ಕೈ ಎತ್ತಿದರು.

“ಇರಲಿ. ಇಲ್ಲಿ ಬಂದ ಕೂಡು. ಮಾತಾಡು.”

ನಾನು ಏನು ಎಂದು ಕೈಯಲ್ಲೇ ಕೇಳಿದೆ.

“ಏನರೆ ಮಾತಾಡು. ರಾಗದ ಹೆಸರ ಒದರತೀ, ಅದಲ್ಲ. ಮಾತು.” ಅವರು ಮಷೀನನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿಕೊಂಡರು. “ಹೋದಾಕಿ, ನಿನ್ನತ್ತಿ ದನಿ ನನಗ ನೆಪ್ಪದ. ಮಗಂದ ಅದ, ಮೊಮ್ಮಕ್ಕಳದ್ದ ಅದ. ಎಷ್ಟೋ ಗಿರಾಕಿಗಳದ್ದ ಸುದ್ದಾ ಅದ. ಮುಂದ ಒಳಗ ಕೇಳ್ತೀನಿ. ನಿಂದೊಂದ ಇಲ್ಲ. ಈ ಮನಿಗಿ ಬಂದ ದಿನದಿಂದ ನನ್ನ ತಾಟಿಗಿ ಅನ್ನ ಹಾಕೀದಿ, ನಿನ್ನ ದನಿ ನನ್ನ ಹಂತ್ಯಾಕ ಇಲ್ಲ. ಉಳದ ಕಿವಿ ಇದಕ್ಕ ಇರಲಿ.”

ಇವತ್ತು ಬದನೆಕಾಯಿ ಪಲ್ಯ ಮಾಡಿದ್ದೇನೆ ಎಂದೆ, ರೂಢಿಯಂತೆ ಸೆರಗಿನೊಳಗೆ. “ಕೇಳಸವಲ್ದು,” ಎಂದರು. ಇನ್ನೊಮ್ಮೆ ಹೇಳಿದೆ. “ಕೇಳಸವಲ್ದವ್ವಾ,” ಎನ್ನುತ್ತ ಮುಖವನ್ನು ನನ್ನ ಹತ್ತಿರ ತಂದರು. ಆ ಮುದುಕನ ಕಿವಿ ನನ್ನ ಬಾಯಿಯ ಮುಂದೆ. ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

“ಈಗ ಕೇಳಸವಲ್ದು ಅಂತೀರಿ! ದನಿ ತಗೀಬ್ಯಾಡ ಅಂದವರ ಯಾರು? ನಿಮ್ಮ ಮನೀ ರಿವಾಜರೀ ಅದು, ನಂದಲ್ಲ! ನಮ್ಮಪ್ಪ ಸತ್ತ ಸುದ್ದಿ ಬಂದಾಗ ನೀವು ಇದ ಪಡಸಾಲ್ಯಾಗ ಕುಂತಿದ್ದಿರಿ. ನಾ ಒಳಗ ಬಾಯಾಗ ಸೆರಗ ತುರುಕ್ಕೊಂಡ ಅತ್ತೀನಿ, ಮಾವಾರಿಗಿ ಕೇಳಸಬಾರದಂತ! ಗೊತ್ತೇನು ನಿಮಗ?”

ಸೆರಗು ಯಾವಾಗ ಜಾರಿತ್ತೋ ನನಗೆ ಗೊತ್ತಾಗಿರಲಿಲ್ಲ. ಮಾವನವರು ಕಣ್ಣು ಮುಚ್ಚಿಕೊಂಡು, ಸ್ವಲ್ಪ ತಲೆ ಓರೆ ಮಾಡಿ ಹಾಗೆಯೇ ಕೂತಿದ್ದರು. ಅವರ ಗಲ್ಲದ ಮೇಲಿಂದ ನೀರು ಇಳಿಯಿತು.

“ಈಗ ಕೇಳಸ್ತು,” ಎಂದರು. “ಇನ್ನೊಮ್ಮೆ ಹೇಳು.”

ನಾನು ಅವರ ಬಲಕ್ಕೆ ಸರಿದು ಕೂತು, ಅಪ್ಪ ಸತ್ತ ದಿನದ್ದೆಲ್ಲ ಗಟ್ಟಿಯಾಗಿ ಹೇಳಿದೆ.